ಮನಶ್ಶಾಸ್ತ್ರದ ಪ್ರಯೋಗಶಾಲೆಯೂ ನಮ್ಮ ಪದವಿ ವಿದ್ಯಾರ್ಥಿಗಳೂ

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬರ್ಲಿನ್ ನಗರದ ಕುದುರೆಯೊಂದು ಲೆಕ್ಕ ಮಾಡುತ್ತದೆಂದು ಪಂಡಿತಪಾಮರರೆಲ್ಲರೂ ಬೆರಗಾಗಿದ್ದರು. ಅದರ ಹೆಸರು ಹ್ಯಾನ್ಸ್. ಎರಡಕ್ಕೆ ಮೂರನ್ನು ಕೂಡಿದರೆ ಎಷ್ಟೆಂದು ಕೇಳಿದರೆ ಐದು ಸಲ ಗೊರಸನ್ನು ನೆಲಕ್ಕೆ ತಟ್ಟಿ ನಿಲ್ಲುತ್ತಿತ್ತು. 1904ರಲ್ಲಿ ಪ್ರೊಫೆಸರ್ ಕಾರ್ಲ್ ಸ್ಟುಂಫರು ಸೇರಿದ್ದ ಸಮಿತಿಯೊಂದು ಪರೀಕ್ಷಿಸಿ, ಇದರಲ್ಲಿ ಬೇಕೆಂದು ಮಾಡಿದ ಮೋಸವೇನೂ ಕಾಣದೆಂದು ಹೇಳಿತು. ಆದರೆ ಕುದುರೆಗೆ ಗಣಿತ ಹೇಗೆ ತಿಳಿಯಿತೆಂಬ ಪ್ರಶ್ನೆ ಉಳಿದೇ ಇತ್ತು. ಅದನ್ನು ಬಿಡಿಸಿದವನು ಸ್ಟುಂಫರ ಬಳಿ ಕಲಿಯುತ್ತಿದ್ದ ಆಸ್ಕರ್ ಫುಂಗ್ಸ್ಟ್ ಎಂಬ ಸಹಾಯಕ. ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿಲ್ಲದಂತೆ ಅವನು ಏರ್ಪಡಿಸಿದನು; ಕುದುರೆ ತಪ್ಪಿತು. ಕೇಳುವವನು ಕುದುರೆಯ ಕಣ್ಣಿಗೆ ಬೀಳದಂತೆ ಮರೆ ಕಟ್ಟಿದನು, ಆಗಲೂ ತಪ್ಪಿತು. ಸರಿಯಾದ ಸಂಖ್ಯೆ ಬಂದೊಡನೆ ಕೇಳುವವನ ತಲೆ ತನಗೇ ಅರಿವಿಲ್ಲದೆ ಕೂದಲೆಳೆಯಷ್ಟು ಮೇಲಕ್ಕೆದ್ದುದನ್ನು ನೋಡಿ ಆ ಜಾಣ ಪ್ರಾಣಿ ಕಾಲು ನಿಲ್ಲಿಸುತ್ತಿದ್ದಿತು. 1907ರಲ್ಲಿ ಪ್ರಕಟವಾದ ಅವನ ಗ್ರಂಥವು ಮನಶ್ಶಾಸ್ತ್ರಕ್ಕೆ ಎಂದೆಂದಿಗೂ ಮರೆಯಲಾಗದ ಪಾಠವನ್ನು ಕಲಿಸಿತು.

ಈ ಕಥೆಯನ್ನು ಇಲ್ಲಿ ಹೇಳುವುದಕ್ಕೆ ಕಾರಣವುಂಟು. ಪ್ರಯೋಗಶಾಲೆಯ ಕೀರ್ತಿ ಆಚಾರ್ಯರಿಗೆ ಸಲ್ಲುವುದು ವಾಡಿಕೆ. ಆದರೆ ಬಾಗಿಲಲ್ಲಿ ನಿಂತು, ಗಡಿಯಾರ ಹಿಡಿದು, ಕಂಡದ್ದನ್ನು ಕಂಡಂತೆ ಬರೆದುಕೊಳ್ಳುವ ಕೈಗಳು ಬಹುಮಟ್ಟಿಗೆ ಎಳೆಯರ ಕೈಗಳು. ಇಂದು ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಈ ಕೈಗಳು ಇನ್ನೂ ಪದವಿ ಪಡೆಯದ ಹದಿನೆಂಟು ಇಪ್ಪತ್ತು ವಯಸ್ಸಿನ ವಿದ್ಯಾರ್ಥಿಗಳವು. ವರ್ಷದ ಆರಂಭದಲ್ಲಿ ಅಧ್ಯಾಪಕರು ತಮ್ಮ ಶಾಲೆಗೆ ಇಷ್ಟು ಮಂದಿ ಸಹಾಯಕರು ಬೇಕೆಂದು ಪ್ರಕಟಿಸುತ್ತಾರೆ, ವಿದ್ಯಾರ್ಥಿಯು ತನಗೆ ಆ ವಿಷಯದಲ್ಲಿರುವ ಆಸಕ್ತಿಯನ್ನು ತಿಳಿಸಿ ಪತ್ರ ಬರೆಯುತ್ತಾನೆ, ಸಂದರ್ಶನವಾಗುತ್ತದೆ. ಸೇರಿದವನು ವಾರಕ್ಕೆ ಐದು ಹತ್ತು ಗಂಟೆ ಕೆಲಸ ಮಾಡಬೇಕು. ಕಲಿಸಿದ ಶ್ರಮ ವ್ಯರ್ಥವಾಗದಂತೆ ಎರಡು ಅವಧಿಗಳಾದರೂ ಇರಬೇಕೆಂದು ಅನೇಕರು ಮೊದಲೇ ಕರಾರು ಮಾಡಿಕೊಳ್ಳುತ್ತಾರೆ. ಮನುಷ್ಯರ ಮೇಲೆ ನಡೆಯುವ ಪ್ರಯೋಗವಾದುದರಿಂದ ನೀತಿನಿಯಮಗಳ ಪಾಠವನ್ನು ಓದಿ ಪರೀಕ್ಷೆ ಕೊಟ್ಟಲ್ಲದೆ ಅವನನ್ನು ಒಳಗೆ ಬಿಡುವಂತಿಲ್ಲ.

ಕೆಲಸವೇನೋ ಬಹಳ ಬೇಸರದ್ದು. ಮಗುವಿನ ದೃಷ್ಟಿಯನ್ನು ಕುರಿತ ಸಂಶೋಧನೆಯನ್ನೇ ತೆಗೆದುಕೊಳ್ಳೋಣ. ಆರು ತಿಂಗಳ ಕೂಸನ್ನು ತಾಯಿಯ ತೊಡೆಯ ಮೇಲೆ ಕೂಡಿಸಿ ಎರಡು ಚಿತ್ರಗಳನ್ನು ತೋರಿಸುತ್ತಾರೆ. ಅದರ ಮುಖವನ್ನು ಚಲಚ್ಚಿತ್ರದಲ್ಲಿ ಹಿಡಿದಿಡುತ್ತಾರೆ. ಬಳಿಕ ಸಹಾಯಕನು ಆ ಚಿತ್ರವನ್ನು ತುಣುಕು ತುಣುಕಾಗಿ ನಡೆಸಿ, ಈ ಕ್ಷಣದಲ್ಲಿ ಕಣ್ಣು ಎಡಕ್ಕಿತ್ತೇ ಬಲಕ್ಕಿತ್ತೇ ಎಂದು ಗುರುತು ಮಾಡಬೇಕು. ಕೆಲವೇ ನಿಮಿಷಗಳ ಚಿತ್ರಕ್ಕೆ ಗಂಟೆಗಳು ಹಿಡಿಯುತ್ತವೆ. ಅದೇ ಚಿತ್ರವನ್ನು ಇನ್ನೊಬ್ಬ ಸಹಾಯಕನು ಮೊದಲನೆಯವನ ಗುರುತುಗಳನ್ನು ನೋಡದೆ ಬೇರೆಯಾಗಿ ಗುರುತಿಸುತ್ತಾನೆ. ಇಬ್ಬರಿಗೂ ಎಷ್ಟರಮಟ್ಟಿಗೆ ಒಪ್ಪಿಗೆಯಾಯಿತೆಂಬುದನ್ನು ಲೆಕ್ಕ ಹಾಕಿ, ಸಾಲದಿದ್ದರೆ ಮತ್ತೆ ಮೊದಲಿನಿಂದ! ಬಂದ ಪ್ರತಿಯೊಬ್ಬರಿಗೂ ಸೂಚನೆಯನ್ನು ಒಂದೇ ಮಾತುಗಳಲ್ಲಿ, ಒಂದೇ ಧ್ವನಿಯಲ್ಲಿ ಓದುವುದೂ ಅವನ ಕೆಲಸವೇ. ಇಷ್ಟು ಕಟ್ಟುನಿಟ್ಟೇಕೆಂದರೆ ಹ್ಯಾನ್ಸನ ಪಾಠವು ಕುದುರೆಗಳಿಗೆ ಮಾತ್ರ ಸಂಬಂಧಪಟ್ಟುದಲ್ಲ. 1963ರಲ್ಲಿ ರಾಬರ್ಟ್ ರೋಸೆಂಥಾಲ್ ಮತ್ತು ಕರ್ಮಿಟ್ ಫೋಡ್ ಎಂಬವರು ವಿದ್ಯಾರ್ಥಿಗಳ ಕೈಗೆ ಇಲಿಗಳನ್ನು ಕೊಟ್ಟು, ಕೆಲವರಿಗೆ ಇವು ಜಾಣ ತಳಿಯವೆಂದೂ ಕೆಲವರಿಗೆ ಮಂದ ತಳಿಯವೆಂದೂ ಹೇಳಿದರು. ಇಲಿಗಳೆಲ್ಲವೂ ಸಾಧಾರಣವಾದವೇ. ಆದರೂ ಜಾಣವೆಂದು ನಂಬಿದವರ ಇಲಿಗಳು ದಾರಿಯನ್ನು ಬೇಗ ಕಲಿತವು. ನಂಬಿಕೆಯು ಕೈಯಿಂದ ಇಲಿಗೆ ಹರಿದಿತ್ತು.

ಆದಕಾರಣ ಸಹಾಯಕನ ಪ್ರಾಮಾಣಿಕತೆಯು ಶಾಸ್ತ್ರದ ತಳಪಾಯ. 2015ರಲ್ಲಿ ಅನೇಕ ದೇಶಗಳ ವಿದ್ವಾಂಸರು ಕೂಡಿ, ಹೆಸರಾದ ಪತ್ರಿಕೆಗಳಲ್ಲಿ ಬಂದಿದ್ದ 100 ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದರು. ಗಮನಾರ್ಹವಾದ ಫಲ ಮರಳಿ ದೊರೆತದ್ದು ಶೇಕಡಾ 36ರಲ್ಲಿ ಮಾತ್ರ. ಹಾಲೆಂಡಿನಲ್ಲಿ ಡೀಡೆರಿಕ್ ಸ್ಟಾಪೆಲ್ ಎಂಬ ಪ್ರಖ್ಯಾತ ಪ್ರೊಫೆಸರನು ಅಂಕಿಗಳನ್ನು ತಾನೇ ಕಲ್ಪಿಸುತ್ತಿದ್ದುದು 2011ರಲ್ಲಿ ಬಯಲಾಯಿತು. ಅವನು ಶಿಷ್ಯರನ್ನು ಪ್ರಯೋಗದ ಹತ್ತಿರ ಬಿಡದೆ ಸಿದ್ಧವಾದ ಅಂಕಿಗಳನ್ನು ಅವರ ಕೈಗೆ ಕೊಡುತ್ತಿದ್ದನು. ಕೊನೆಗೆ ಅವನನ್ನು ಹಿಡಿದುಕೊಟ್ಟವರೂ ಅವನ ಕೈಕೆಳಗಿನ ಕಿರಿಯ ಸಂಶೋಧಕರೇ. ಎಳೆಯರ ಕಣ್ಣುಗಳು ಪ್ರಯೋಗದ ಕೋಣೆಯೊಳಗಿರುವುದು ಎಷ್ಟು ಕ್ಷೇಮಕರವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆದರೂ ಅಮೆರಿಕದ ಪದ್ಧತಿಯನ್ನು ಕಣ್ಣು ಮುಚ್ಚಿ ಹೊಗಳಲಾರೆವು. ಅಲ್ಲಿ ಬಹುಮಂದಿ ಸಹಾಯಕರಿಗೆ ಸಂಬಳವಿಲ್ಲ. ಪದವಿಯ ಲೆಕ್ಕಕ್ಕೆ ಸೇರುವ ಅಂಕವೋ ಅಧ್ಯಾಪಕರ ಶಿಫಾರಸು ಪತ್ರವೋ ಅವರ ಪ್ರತಿಫಲ. ಮುಂದೆ ಡಾಕ್ಟರೇಟ್ ವ್ಯಾಸಂಗಕ್ಕೆ ಸೇರಬೇಕಾದರೆ ಈ ಅನುಭವವಿಲ್ಲದೆ ಬಾಗಿಲು ತೆರೆಯುವುದೇ ದುರ್ಲಭ. ಹೋಟೆಲಿನಲ್ಲಿ ತಟ್ಟೆ ತೊಳೆದು ಊಟದ ಹಣ ಸಂಪಾದಿಸುವ ಹುಡುಗನು ವಾರಕ್ಕೆ ಹತ್ತು ಗಂಟೆಗಳನ್ನು ದಾನ ಮಾಡುವುದೆಲ್ಲಿಂದ? ಈ ನ್ಯೂನತೆಯನ್ನು ಅಲ್ಲಿಯವರೂ ಬಲ್ಲರು. 1964ರ ಕಾನೂನಿನಿಂದ ಬಂದ ಸರಕಾರದ ಕೂಲಿ ಸಹಾಯವೂ, 1987ರಲ್ಲಿ ಅವರ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಪದವಿ ವಿದ್ಯಾರ್ಥಿಗಳಿಗಾಗಿ ಆರಂಭಿಸಿದ ಸಂಶೋಧನಾ ವೇತನದ ಏರ್ಪಾಡೂ ಕೆಲವರಿಗೆ ಆಸರೆಯಾಗಿವೆ. ಆದರೆ ಇವು ಆ ದೇಶದ ಪ್ರಜೆಗಳಿಗೂ ಅಲ್ಲಿ ಕಾಯಂ ನೆಲೆಸಿದವರಿಗೂ ಮೀಸಲಾದವು. ಮನೆ ಒತ್ತೆಯಿಟ್ಟು ಸಾಲಮಾಡಿ ಕಡಲು ದಾಟುವ ನಮ್ಮ ಮಕ್ಕಳು ಇದನ್ನು ಹೊರಡುವ ಮೊದಲೇ ತಿಳಿದಿರುವುದೊಳ್ಳೆಯದು.

ಇನ್ನು ನಮ್ಮ ಮನೆಯ ಮಾತು. ಪ್ರಾಯೋಗಿಕ ಮನಶ್ಶಾಸ್ತ್ರವು ನಮಗೆ ಹೊಸದಲ್ಲ. ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟರು 1879ರಲ್ಲಿ ಪ್ರಯೋಗಶಾಲೆಯನ್ನು ತೆರೆದ ಬಳಿಕ ಅರ್ಧ ಶತಮಾನ ಕಳೆಯುವುದರೊಳಗಾಗಿಯೇ ಅದು ಮೈಸೂರಿಗೆ ಬಂದಿತ್ತು. ಕಲ್ಕತ್ತೆಯಲ್ಲಿ ಈ ಶಾಸ್ತ್ರದ ಪಾಠಕ್ರಮವನ್ನು 1905ರಲ್ಲಿ ರಚಿಸಿದ ಬ್ರಜೇಂದ್ರನಾಥ ಶೀಲರು ಮೈಸೂರು ವಿಶ್ವವಿದ್ಯಾನಿಲಯದ ವೈಸ್ ಛಾನ್ಸಲರಾಗಿದ್ದ ಕಾಲದಲ್ಲಿ, ಅಂದರೆ 1924ರಲ್ಲಿ, ಇಲ್ಲಿ ಮನಶ್ಶಾಸ್ತ್ರ ವಿಭಾಗವು ಸ್ಥಾಪಿತವಾಯಿತು. ಅದನ್ನು ಕಟ್ಟಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಶಿಷ್ಯರು. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಬಿತ್ತರಿಸಿದವರೂ ಅವರೇ; 1954ರಲ್ಲಿ ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಮೊದಲ ನಿರ್ದೇಶಕರಾದವರು ಡಾ. ಎಂ. ವಿ. ಗೋವಿಂದಸ್ವಾಮಿಯವರು. ಆ ಸಂಸ್ಥೆಯೇ 1974ರಲ್ಲಿ ನಿಮ್ಹಾನ್ಸ್ ಆಯಿತು.

ಇಂಥ ಪರಂಪರೆಯುಳ್ಳ ನಾಡಿನಲ್ಲಿ ಪದವಿ ತರಗತಿಯ ಮನಶ್ಶಾಸ್ತ್ರದ ಪ್ರಾಯೋಗಿಕ ಪಾಠವು ಹೇಗೆ ನಡೆಯುತ್ತಿದೆ? ಪಕ್ಕದ ಬೆಂಚಿನ ಗೆಳತಿಯನ್ನು ಕೂಡಿಸಿಕೊಂಡು ಕನ್ನಡಿಯಲ್ಲಿ ನೋಡಿ ನಕ್ಷತ್ರವನ್ನು ಗೀಚಿಸುವುದು. ಬಾಣದ ಗೆರೆಗಳಲ್ಲಿ ಯಾವುದು ಉದ್ದವೆಂದು ಕೇಳುವುದು. ಮೊದಲೇ ಗೊತ್ತಿರುವ ಫಲವನ್ನು ರೆಕಾರ್ಡ್ ಪುಸ್ತಕದಲ್ಲಿ ಅಂದವಾಗಿ ಬರೆದು ರುಜು ಹಾಕಿಸಿಕೊಳ್ಳುವುದು. ಫಲ ಬೇರೆ ಬಂದರೆ ಅಂಕಿಯನ್ನೇ ತಿದ್ದಿಕೊಂಡ ವಿದ್ಯಾರ್ಥಿಗಳನ್ನು ನಾವು ಬಲ್ಲೆವು. ಅವರನ್ನು ದೂರಿ ಫಲವಿಲ್ಲ. ಉತ್ತರ ಗೊತ್ತಿಲ್ಲದ ಪ್ರಶ್ನೆಯೊಂದನ್ನು ಮೂರು ವರ್ಷಗಳಲ್ಲಿ ಒಮ್ಮೆಯಾದರೂ ಅವರ ಮುಂದೆ ಯಾರು ಇಟ್ಟರು? ಅನುಭವಕ್ಕಾಗಿ ಹಂಬಲಿಸುವವರು ಹಣ ತೆತ್ತು ಕೆಲವು ವಾರಗಳ ‘ಇಂಟರ್ನ್‌ಶಿಪ್’ ಪ್ರಮಾಣಪತ್ರವನ್ನು ಕೊಳ್ಳುತ್ತಾರೆ. ಅಲ್ಲಿ ಕೂಲಿಯಿಲ್ಲದ ದುಡಿತವಾದರೆ ಇಲ್ಲಿ ದುಡಿಯುವುದಕ್ಕೇ ಶುಲ್ಕ! ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿಯಲ್ಲಿ ಸಂಶೋಧನೆಗೆ ಒಂದಿಷ್ಟು ಸ್ಥಳವಿದ್ದಿತು; 2024ರಲ್ಲಿ ನಮ್ಮ ಸರಕಾರವು ಮೂರು ವರ್ಷದ ಪದವಿಗೆ ಹಿಂದಿರುಗಿತು. ಅದರ ಗುಣದೋಷಗಳ ಚರ್ಚೆ ಇಲ್ಲಿ ಬೇಡ. ವರ್ಷ ಮೂರಾಗಲಿ ನಾಲ್ಕಾಗಲಿ, ಪ್ರಯೋಗಶಾಲೆಯ ಬಾಗಿಲು ತೆರೆಯಲು ಅಡ್ಡಿಯೇನು?

ಹೊರದೇಶದವರ ಅನುಕರಣೆಗಾಗಿ ನಾವಿದನ್ನು ಕೇಳುತ್ತಿಲ್ಲ. ಹೆಸರಾದ ಮನಶ್ಶಾಸ್ತ್ರ ಪತ್ರಿಕೆಗಳಲ್ಲಿ ಪರೀಕ್ಷೆಗೊಳಗಾದವರಲ್ಲಿ ಶೇಕಡಾ 96 ಮಂದಿ, ಲೋಕದ ಜನಸಂಖ್ಯೆಯಲ್ಲಿ ಶೇಕಡಾ 12ರಷ್ಟೇ ಇರುವ ಪಾಶ್ಚಾತ್ಯ ಸಂಪನ್ನ ದೇಶಗಳವರೆಂದು 2010ರಲ್ಲಿ ಜೋಸೆಫ್ ಹೆನ್ರಿಕ್ ಮೊದಲಾದವರು ಎತ್ತಿ ತೋರಿಸಿದರು. ಮಿಕ್ಕವರ ಮನಸ್ಸನ್ನು ಅಳೆಯುವವರಾರು? ವಿದೇಶೀಯ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ತರುವಾಗ ನಗರದ ಪಂಡಿತನು ‘ಖಿನ್ನತೆ’ ಎಂದು ಬರೆಯುತ್ತಾನೆ. ಹಳ್ಳಿಯ ತಾಯಿಗೆ ಆ ಶಬ್ದವೇ ಪರಕೀಯ. ಆಕೆ ‘ಬೇಜಾರು’ ಎನ್ನುತ್ತಾಳೆ. ಆ ಬೇಜಾರಿನಲ್ಲಿ ದುಃಖವೂ ಇರಬಹುದು, ಕೆಲಸವಿಲ್ಲದ ಹೊತ್ತಿನ ಜಡತೆಯೂ ಇರಬಹುದು, ಸೊಸೆಯ ಮೇಲಿನ ಸಿಟ್ಟೂ ಇರಬಹುದು. ಯಾವುದೆಂದು ತಿಳಿಯಬಲ್ಲವಳು ಅದೇ ಊರಿನಲ್ಲಿ ಬೆಳೆದು ಕಾಲೇಜಿಗೆ ಬಂದ ಹುಡುಗಿ. ಧಾರವಾಡದ ಮಾತಿಗೆ ಧಾರವಾಡದವಳು, ಚಾಮರಾಜನಗರದ ಮಾತಿಗೆ ಅಲ್ಲಿಯವಳು. ಇಂಗ್ಲಿಷು ಸರಾಗವಾಗಿ ಬಾರದೆಂದು ನಾವು ಹಿಂದಕ್ಕೆ ಕೂಡಿಸುವ ವಿದ್ಯಾರ್ಥಿನಿಯೇ ಈ ಸಂಶೋಧನೆಗೆ ಅನಿವಾರ್ಯಳಾದ ಸಹಾಯಕಳು. ಕನ್ನಡ ಮಕ್ಕಳು ಓದು ಕಲಿಯುವ ಬಗೆಯನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಕಾಗುಣಿತ ಒತ್ತಕ್ಷರಗಳನ್ನೊಳಗೊಂಡ ನಮ್ಮ ಅಕ್ಷರಸಮೂಹವನ್ನು ಕಲಿಯುವುದು ಮೊದಲ ತರಗತಿಗಳಲ್ಲೇ ಮುಗಿಯದೆ ಮುಂದೆಯೂ ಸಾಗುತ್ತದೆಂದು ತೋರಿಸಿತು. ಇಂಗ್ಲಿಷು ಮಕ್ಕಳ ಅಳತೆಗೋಲಿನಿಂದ ನಮ್ಮ ಮಗುವನ್ನು ದಡ್ಡನೆಂದು ಕರೆಯುವ ಅಪಾಯ ಇದರಿಂದ ಸ್ಪಷ್ಟವಾಗುವುದಿಲ್ಲವೇ? ಇಂಥ ಕೆಲಸಕ್ಕೆ ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳೊಡನೆ ಕುಳಿತು ಕೇಳುವ ನೂರಾರು ಕನ್ನಡ ಕಿವಿಗಳು ಬೇಕು.

ಬೇಕಾಗುವ ಹಣವೂ ಹೆಚ್ಚೇನಲ್ಲ. ನಮ್ಮ ವಿಶ್ವವಿದ್ಯಾನಿಲಯಗಳ ಮನಶ್ಶಾಸ್ತ್ರ ವಿಭಾಗಗಳೂ, ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಭಾರತೀಯ ಭಾಷಾ ಸಂಸ್ಥಾನಗಳಂಥ ಸಂಸ್ಥೆಗಳೂ ಪ್ರತಿವರ್ಷ ಕಾಲೇಜು ತೆರೆಯುವ ಹೊತ್ತಿಗೆ, ತಮ್ಮಲ್ಲಿ ನಡೆಯುವ ಸಂಶೋಧನೆಗಳಾವುವು, ಎಷ್ಟು ಮಂದಿ ಪದವಿ ವಿದ್ಯಾರ್ಥಿಗಳು ಬೇಕು, ವಾರಕ್ಕೆಷ್ಟು ಗಂಟೆ, ಬಸ್ಸಿನ ಖರ್ಚೂ ಊಟದ ಖರ್ಚೂ ಕಳೆದು ಕೈಗೆಷ್ಟು ಸಿಕ್ಕುವುದು ಎಂಬುದನ್ನು ಕನ್ನಡದಲ್ಲಿ ಬರೆದು ಜಿಲ್ಲೆಯ ಎಲ್ಲ ಸರಕಾರೀ ಕಾಲೇಜುಗಳಿಗೂ ಕಳುಹಿಸಲಿ. ಪತ್ರ ಬರೆದ ವಿದ್ಯಾರ್ಥಿಗೆ ಇಲ್ಲವೆಂದಾದರೂ ಉತ್ತರ ಬರಲಿ. ಮತ್ತು ಗ್ರಂಥ ಪ್ರಕಟವಾದಾಗ, ಮಗುವಿನ ಪಕ್ಕದಲ್ಲಿ ಕುಳಿತು ಅದರ ತೊದಲನ್ನು ಬರೆದುಕೊಂಡವರ ಹೆಸರುಗಳು ಅಡಿಟಿಪ್ಪಣಿಯಲ್ಲಿಯಾದರೂ ಕಾಣಲಿ.