473 ತೇಪೆಗಳ ಕೌದಿ

1977ರ ‘ಸ್ಟಾರ್ ವಾರ್ಸ್’ ಚಿತ್ರವನ್ನು ಅಮೆರಿಕದ ವೆಬ್ ಡೆವಲಪರ್ ಕೇಸಿ ಪ್ಯೂ 2009ರಲ್ಲಿ 473 ತುಂಡು ಮಾಡಿದ. ಒಂದೊಂದೂ 15 ಸೆಕೆಂಡು. ಬೇಕಾದ ತುಂಡು ಹಿಡಿದುಕೊಳ್ಳಿ, ನಿಮ್ಮದೇ ರೀತಿಯಲ್ಲಿ ಮತ್ತೆ ಚಿತ್ರೀಕರಿಸಿ ಕಳಿಸಿ ಎಂದ. ಅಭಿಮಾನಿಗಳು ಬಿಟ್ಟಾರೆಯೇ? ಯಾರೋ ಗೊಂಬೆ ಕುಣಿಸಿದರು, ಯಾರೋ ಲೆಗೊ ಜೋಡಿಸಿದರು, ಇನ್ಯಾರಿಗೋ ರಟ್ಟೇ ಅಂತರಿಕ್ಷ ನೌಕೆಯಾಯಿತು. ಎಲ್ಲವನ್ನೂ ಹೊಲಿದಾಗ ಸಿಕ್ಕ ಕೌದಿಯೇ ‘ಸ್ಟಾರ್ ವಾರ್ಸ್ ಅನ್‌ಕಟ್’. 2010ರಲ್ಲಿ ಅದಕ್ಕೆ ಎಮ್ಮಿ ಪ್ರಶಸ್ತಿಯೂ ಬಂತು.

ಪ್ಯೂ ಕತ್ತರಿ ಆಡಿಸಿದ್ದು ಗಡಿಯಾರ ನೋಡಿಕೊಂಡು, ಕಥೆ ನೋಡಿಕೊಂಡಲ್ಲ. ಹಾಗಾಗಿ ಮಾತು ಶುರು ಮಾಡುವ ರಾಜಕುಮಾರಿಯೇ ಬೇರೆ, ಮುಗಿಸುವವಳೇ ಬೇರೆ. ಆದರೂ ನೋಡುವವರು ದಾರಿ ತಪ್ಪುವುದಿಲ್ಲ, ಕಥೆ ಅವರಿಗೆ ಬಾಯಿಪಾಠ.

ಹಾಡಿಗೆ ಅನಿಮೆಯ, ಅಂದರೆ ಜಪಾನಿ ಆನಿಮೇಷನ್ನಿನ, ದೃಶ್ಯ ಜೋಡಿಸುವವರಿಗೆ ಆ ಸಲಿಗೆ ಇಲ್ಲ, ಕಟ್‌ಗಳು ತಾಳಕ್ಕೆ ಕೂಡಬೇಕು. 1982ರಲ್ಲಿ ಜಿಮ್ ಕಪೋಸ್ಟಾಸ್ ಎಂಬ ಅಮೆರಿಕದ ಅಭಿಮಾನಿ ಎರಡು ವಿಸಿಆರ್ ಕೂಡಿಸಿ, ‘ಸ್ಟಾರ್ ಬ್ಲೇಜರ್ಸ್’ ಅನಿಮೆಯ ಹೊಡೆದಾಟಕ್ಕೆ ಬೀಟಲ್ಸರ ಪ್ರೇಮದ ಹಾಡು ಹಾಕಿ ಕೀಟಲೆ ಮಾಡಿದಾಗ ಅವನಿಗೆ ಯಾರನ್ನೂ ಕಾಯುವ ಕೆಲಸವಿರಲಿಲ್ಲ. ಈಗಿನ ಎಂಇಪಿ, ಅಂದರೆ ಮಲ್ಟಿ ಎಡಿಟರ್ ಪ್ರಾಜೆಕ್ಟ್‌ನಲ್ಲಿ, ಒಂದೇ ಹಾಡನ್ನು ಹತ್ತಾರು ಜನ ಹಂಚಿಕೊಳ್ಳುತ್ತಾರೆ. ಒಬ್ಬರ ಮುಖ ಇನ್ನೊಬ್ಬರು ನೋಡಿರುವುದಿಲ್ಲ, ಒಬ್ಬರ ಹಗಲು ಇನ್ನೊಬ್ಬರ ರಾತ್ರಿ.

ಸಂಯೋಜಕನ ಕಸುಬು ಇಲ್ಲಿ ಶುರು. ಮೊದಲು ಎಲ್ಲರಿಗೂ ಹಾಡಿನ ಒಂದೇ ಫೈಲು ಕಳಿಸಬೇಕು. ಯಾರೋ ಬೇರೆ ಕಡೆಯಿಂದ ಇಳಿಸಿಕೊಂಡ ಎಂಪಿ3ಯ ಆರಂಭದಲ್ಲಿ ಅರ್ಧ ಸೆಕೆಂಡು ಮೌನ ಹೆಚ್ಚಿದ್ದರೂ ಅವರ ಕಟ್‌ಗಳೆಲ್ಲ ತಾಳ ತಪ್ಪುತ್ತವೆ. ಆಮೇಲೆ ಫ್ರೇಮಿನ ಲೆಕ್ಕ. ಸೆಕೆಂಡಿಗೆ 23.976 ಫ್ರೇಮು ಎಂದು ಗೊತ್ತು ಮಾಡಿದ ಮೇಲೆ ಒಬ್ಬರು 30ರಲ್ಲಿ ರೆಂಡರ್ ಮಾಡಿ, ಅಂದರೆ ಅಂತಿಮ ವಿಡಿಯೊ ಫೈಲಾಗಿಸಿ, ಕಳಿಸಿದರೆ, ದೃಶ್ಯ ಪಕ್ಕಕ್ಕೆ ಸರಿಯುವಾಗ ಕುಂಟತೊಡಗುತ್ತದೆ. ಎಂಥ ಚೆಂದದ ಎಡಿಟಿಂಗೂ ಆ ಕುಂಟನ್ನು ಮುಚ್ಚಲಾರದು. ತುಂಡಿನ ಎರಡೂ ತುದಿಗೆ ಒಂದಿಷ್ಟು ಫ್ರೇಮು ಹೆಚ್ಚಿಗೆ ಬಿಡಿ ಎನ್ನುವುದಂತೂ ಅಪ್ಪಟ ದರ್ಜಿಯ ಬುದ್ಧಿ: ಹೊಲಿಗೆಗೆ ಬಟ್ಟೆ ಬೇಕಲ್ಲ!

ಇಷ್ಟೆಲ್ಲ ಆದರೂ ‘ಇನ್ನೇನು ರೆಂಡರ್ ಆಗ್ತಿದೆ’ ಎಂದವರು ಗಡುವಿನ ದಿನ ಮಾಯ. ಜಗಳವಾಡೋಣವೆಂದರೆ ಸಂಬಳದ ಕೆಲಸವಲ್ಲ, ಸುಮ್ಮನಿರೋಣವೆಂದರೆ ಹಾಡಿನ ನಡುವೆ ಕಪ್ಪು ತೂತು. ಪಳಗಿದವರು ಅದಕ್ಕೇ ಮೊದಲೇ ಬದಲಿ ಎಡಿಟರುಗಳನ್ನು ಕೈಯಲ್ಲಿಟ್ಟುಕೊಂಡಿರುತ್ತಾರೆ. ಅವರೂ ಕೈಕೊಟ್ಟರೆ ಸಂಯೋಜಕನೇ ರಾತ್ರಿ ಕೂತು ತೇಪೆ ಹಾಕಬೇಕು. ಪ್ಯೂಗೆ ದಾಕ್ಷಿಣ್ಯವೇ ಇರಲಿಲ್ಲ: 30 ದಿನದಲ್ಲಿ ವಿಡಿಯೊ ಬಾರದಿದ್ದರೆ ಆ ತುಂಡು ಬೇರೆಯವರ ಪಾಲು.