ಗ್ರಾಮಸಭೆಯೂ ಊರಿನ ಆಯವ್ಯಯವೂ

ನಮ್ಮ ಕೌಜಲಗಿ ಸೀಮೆಯ ಕಟ್ಟೆಗಳ ಮೇಲೆ ನಳದ ನೀರು, ಗಟಾರ, ಬೀದಿದೀಪಗಳ ದೂರು ಕೇಳದ ದಿನವಿಲ್ಲ. ಆದರೆ ಕಟ್ಟೆಯ ಮಾತು ಪಂಚಾಯತಿಯ ಲೆಕ್ಕಪತ್ರವನ್ನು ಸೇರುವ ದಾರಿ ಯಾವುದು?

1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯಿದೆ ಆ ದಾರಿಯನ್ನು ತೋರಿಸಿದೆ. ಮೊದಲು ವಾರ್ಡುಸಭೆ, ಅಲ್ಲಿ ಓಣಿಯ ಬೇಡಿಕೆಗಳ ಪಟ್ಟಿಯಾಗಬೇಕು. ಬಳಿಕ ಗ್ರಾಮಸಭೆ, ಊರಿನ ಮತದಾರರೆಲ್ಲರೂ ಇದರ ಸದಸ್ಯರು. ಎಲ್ಲ ಓಣಿಗಳ ಬೇಡಿಕೆಗಳನ್ನು ತೂಗಿನೋಡಿ, ಯಾವುದು ಮೊದಲೆಂದು ಇಲ್ಲಿ ಗೊತ್ತುಮಾಡಬೇಕು. ಅನಂತರ ಪಂಚಾಯತಿಯು ಏಪ್ರಿಲ್ 1ಕ್ಕೆ ಮುನ್ನವೇ ಆಯವ್ಯಯಕ್ಕೆ ಒಪ್ಪಿಗೆ ಕೊಡಬೇಕು.

ಹಾಸಿಗೆಯಿದ್ದಷ್ಟೇ ಕಾಲು ಚಾಚಬೇಕಷ್ಟೆ. 15ನೆಯ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಅನುದಾನದಲ್ಲಿ ನೂರಕ್ಕೆ 60 ರೂಪಾಯಿಗಳನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು. ಉಳಿದ 40ರಲ್ಲಿ ಮಾತ್ರ ಊರು ತನಗೆ ಬೇಕಾದುದನ್ನು ಆರಿಸಬಹುದಾಗಿತ್ತು. ಅದರಲ್ಲಿಯೂ ಸಂಬಳ ಕೊಡುವಂತಿರಲಿಲ್ಲ. ಹೀಗಿರುವಾಗ ರಸ್ತೆ ಕೇಳುವವರು ದೀಪ ಕೇಳುವವರೊಡನೆ ಸಭೆಯಲ್ಲಿಯೇ ವಾದಿಸಿ ಒಂದು ನಿರ್ಣಯಕ್ಕೆ ಬರಬೇಕಾಗುತ್ತದೆ. ಸಭೆಗೆ ಬಾರದವರ ಪರವಾಗಿ ವಾದಿಸುವವರು ಯಾರು?

ವರ್ಷ ಮುಗಿದ ಮೇಲೆ ಜಮಾಬಂದಿ. ಜಮಾಖರ್ಚನ್ನು ಊರವರ ಮುಂದಿಟ್ಟು, ಕಾಮಗಾರಿಗಳನ್ನು ಕಣ್ಣಾರೆ ಕಂಡು ತಾಳೆನೋಡುವ ದಿನವದು.

ಆಡಿದ ಮಾತು ಠರಾವು ಪುಸ್ತಕದಲ್ಲಿ ದಾಖಲಾದಾಗಲೇ ಉತ್ತರ ಕೇಳುವ ಹಕ್ಕು ಗಟ್ಟಿಯಾಗುವುದು. ಮನೆತನದಲ್ಲಿಯೇ ಮೊದಲಿಗೆ ಪದವಿಯ ಮೆಟ್ಟಿಲು ಹತ್ತಿದವರು ನಮ್ಮಲ್ಲಿ ಅನೇಕರು. ಆ ಪುಸ್ತಕವನ್ನು ನಾವು ಓದಬಲ್ಲೆವು. ಓದಲಾರದ ಹಿರಿಯರಿಗೆ ಓದಿ ಹೇಳಬಲ್ಲೆವು. ನಮ್ಮ ಕಲಿಕೆಯಿಂದ ಊರಿಗೆ ಆಗಬಹುದಾದ ಮೊದಲ ಉಪಕಾರ ಇದೇ ಅಲ್ಲವೆ?