ಸೂರ್ಯಕಾಂತಿ ಕಲಿಸಿದ ಜೇನಿನ ಬೆಲೆ

1969ರಲ್ಲಿ ಸೋವಿಯತ್ ರಷ್ಯದಿಂದ ಎಣ್ಣೆಬೀಜದ ಸೂರ್ಯಕಾಂತಿ ತಳಿಗಳು ಭಾರತಕ್ಕೆ ಬಂದು, ಕಾಲಕ್ರಮದಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಎರೆಹೊಲಗಳಿಗೂ ಹಬ್ಬಿದುವು. ಆಳೆತ್ತರದ ಗಿಡ, ಪರಾತದಷ್ಟು ಅಗಲವಾದ ತೆನೆ. ಆದರೆ ಬಡಿದು ತೂರಿದಾಗ ಜೊಳ್ಳಿನ ಪಾಲು ಹೆಚ್ಚು. ಗೊಬ್ಬರ, ನೀರುಗಳಿಗೆ ಕೊರತೆಯಿಲ್ಲದ ಹೊಲದಲ್ಲಿಯೂ ಕಾಳು ಕಟ್ಟದಿದ್ದುದಕ್ಕೆ ಮುಖ್ಯ ಕಾರಣ, ಹೂವಿಗೆ ಬರಬೇಕಾದಷ್ಟು ಜೇನ್ನೊಣಗಳು ಬಾರದಿದ್ದುದು.

ನಾವು ಒಂದೇ ಹೂವೆಂದು ಕರೆಯುವ ಸೂರ್ಯಕಾಂತಿಯ ತೆನೆ ವಾಸ್ತವವಾಗಿ ನೂರಾರು ಕಿರುಹೂಗಳ ಸಮೂಹ. ಅಂಚಿನಿಂದ ನಡುವಿಗೆ ಸುತ್ತುಸುತ್ತಾಗಿ ಅರಳುವ ಪ್ರತಿಯೊಂದು ಕಿರುಹೂವೂ ಮೊದಲು ಪರಾಗವನ್ನು ಹೊರಸೂಸಿ, ಅನಂತರವೇ ಶಲಾಕಾಗ್ರವನ್ನು ತೆರೆಯುವುದರಿಂದ, ತನ್ನ ಪರಾಗ ತನಗೊದಗುವುದು ದುರ್ಲಭ. ಒದಗಿದರೂ ಆ ಕಾಲದ ತಳಿಗಳು ಅದನ್ನು ಬಹುಮಟ್ಟಿಗೆ ಸ್ವೀಕರಿಸುತ್ತಿರಲಿಲ್ಲ. ಕೃಷಿತಜ್ಞರು ಹೇಳಿಕೊಟ್ಟ ಉಪಾಯವೆಂದರೆ, ಬೆಳಗಿನ 8ರಿಂದ 11 ಗಂಟೆಯೊಳಗೆ, ದಿನಬಿಟ್ಟು ದಿನ, ಮೆತ್ತನೆಯ ಬಟ್ಟೆಯನ್ನು ಅಂಗೈಗೆ ಸುತ್ತಿಕೊಂಡು ತೆನೆಯಿಂದ ತೆನೆಗೆ ಸವರುತ್ತ ಹೋಗುವುದು. ಏರುವ ಬಿಸಿಲಿನಲ್ಲಿ ಒಂದೊಂದು ತೆನೆಯನ್ನೂ ಬಗ್ಗಿಸಿ ಸವರಬೇಕಾದ ಈ ಶ್ರಮವು, ಅನಾದಿಯಿಂದ ಕೂಲಿಯಿಲ್ಲದೆ ದುಡಿದ ಜೀವಿಯೊಂದರ ಬೆಲೆಯನ್ನು ಒಕ್ಕಲಿಗನಿಗೆ ರೂಪಾಯಿಗಳಲ್ಲಿ ಎಣಿಸಿ ತೋರಿಸಿತು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ಬಿ.ಎಸ್.ಎಚ್.-1 ಎಂಬ ಸಂಕರ ತಳಿ ಹೊರಬಂದ ಮೇಲೆ, ಬೀಜೋತ್ಪಾದನೆಯ ಮಟ್ಟಿಗೆ ಜೇನಿನ ಮೇಲಣ ಅವಲಂಬನ ಇನ್ನೂ ಗಾಢವಾಯಿತು. ಸಂಕರ ಬೀಜೋತ್ಪಾದನೆಯ ಹೊಲದಲ್ಲಿ ಹೆಣ್ಣುಸಾಲಿನ ಗಿಡಗಳಿಗೆ ಸ್ವಂತ ಪರಾಗವೇ ಇಲ್ಲ.

ಇದಕ್ಕೆ ಹಿಂದೆ ಇಲ್ಲಿ ಜೇನನ್ನು ಲೆಕ್ಕಕ್ಕೆ ಹಿಡಿಯುವ ಪ್ರಮೇಯವೇ ಬಂದಿರಲಿಲ್ಲ. ಜೋಳದ ಹೊಲಕ್ಕೆ ದನ ನುಗ್ಗದಂತೆ ಸುತ್ತಲೂ ಮುಳ್ಳಿನ ಕುಸುಬೆ, ಅಕ್ಕಡಿಯಲ್ಲಿ ತೊಗರಿ, ಗುರೆಳ್ಳು, ಒಡ್ಡಿನ ಮೇಲೆ ಜಾಲಿ, ಬಾರಿ, ಬೇವು: ಒಂದು ಬಾಡುವಷ್ಟರಲ್ಲಿ ಮತ್ತೊಂದು ಅರಳುತ್ತಿತ್ತು. 1953ರಿಂದೀಚೆಗೆ ತುಂಗಭದ್ರೆಯ ನೀರು ಎಡದಂಡೆ ಕಾಲುವೆಯಲ್ಲಿ ಹರಿದು ಸಿಂಧನೂರಿನ ಸೀಮೆ ಭತ್ತದ ಕಣಜವಾಯಿತು. ಆ ನೀರು ತಂದ ಅನ್ನವನ್ನು ಹಳಿಯುವುದು ಕೃತಘ್ನತೆಯಾದೀತು. ಆದರೆ ತನ್ನ ಪರಾಗದಿಂದ ತಾನೇ ಕಾಳುಗಟ್ಟುವ, ಮಕರಂದವಿಲ್ಲದ ಭತ್ತವೊಂದೇ ಕಣ್ಣು ಹಾಯುವವರೆಗೂ ಹಬ್ಬಿ, ಒಡ್ಡಿನ ಮರಗಳು ಕೊಡಲಿಗೆ ತುತ್ತಾಗಿ, ಮೇಲೆ ಕೀಟನಾಶಕವೂ ಸುರಿದರೆ, ಜೇನು ಬದುಕುವುದು ಹೇಗೆ?

ಈ ಬಯಲಿಗೆ ಒಗ್ಗಿದ ಕೋಲುಜೇನು ಪೆಟ್ಟಿಗೆಯನ್ನು ಬಯಸುವುದಲ್ಲ. ಪೊದೆಯ ನೆರಳಿನಲ್ಲಿ ಒಂದು ಕಡ್ಡಿಯನ್ನು ಆಧರಿಸಿ ಅಂಗೈಯಗಲದ ಒಂದೇ ಹುಟ್ಟನ್ನು ಕಟ್ಟಿ, ಇರುವೆಗಳು ಏರದಂತೆ ಕಡ್ಡಿಯ ಎರಡು ಬದಿಗೂ ಅಂಟನ್ನು ಬಳಿದು, ನೊಣಗಳು ಮೈಗೆ ಮೈ ತಾಗಿಸಿ ಹುಟ್ಟನ್ನೆಲ್ಲ ಹೊದ್ದು ಕುಳಿತಿರುತ್ತವೆ. ತುಪ್ಪವಿರುವುದು ಕಡ್ಡಿಯ ಸುತ್ತಿನ ಮೇಲ್ಭಾಗದಲ್ಲಿ; ಮರಿಗಳು ಕೆಳಗೆ. ಮರಿಹುಟ್ಟನ್ನು ಕೆಡಿಸದೆ ತುಪ್ಪದ ಒಂದಂಶವನ್ನಷ್ಟೇ ತೆಗೆಯುವುದು ಸಹಜ ಜೇನುಸಾಕಣೆಯ ಮೊದಲ ಪಾಠ. ಬೆಂಕಿಯಿಟ್ಟು ಹುಟ್ಟನ್ನೆಲ್ಲ ಸುಡುವವನು ತನ್ನ ಮುಂದಿನ ಬೆಳೆಯನ್ನೇ ಸುಡುತ್ತಾನೆ.

ಮಸ್ಕಿಯ ಬಂಡೆಯ ಶಾಸನವು 1915ರಲ್ಲಿ ಬೆಳಕಿಗೆ ಬಂದು ಅಶೋಕನ ಹೆಸರನ್ನು ಲೋಕಕ್ಕೆ ಸ್ಪಷ್ಟಪಡಿಸಿತೆಂಬುದು ನಮ್ಮ ಹೆಮ್ಮೆ. ಅದೇ ಅರಸನು ತನ್ನ ಐದನೆಯ ಸ್ತಂಭಶಾಸನದಲ್ಲಿ, ಜೀವಿಗಳಿರುವ ಹೊಟ್ಟನ್ನು ಸುಡಲಾಗದು, ನಿಷ್ಪ್ರಯೋಜನವಾಗಿ ಕಾಡಿಗೆ ಬೆಂಕಿಯಿಡಲಾಗದು ಎಂದು ವಿಧಿಸಿದ್ದಾನೆ. ಇಷ್ಟು ಸಣ್ಣ ಜೀವಗಳಿಗೂ ರಾಜಾಜ್ಞೆಯ ರಕ್ಷಣೆ ದೊರೆತ ದೇಶದಲ್ಲಿ, ಇಂದು ನಾವು ಮಾಡಬೇಕಾದುದು ಅಸಾಧ್ಯವೇನಲ್ಲ. ಹೂಬಿಟ್ಟ ಬೆಳೆಗೆ ಔಷಧ ಹೊಡೆಯದಿರುವುದು, ಅನಿವಾರ್ಯವಾದರೆ ನೊಣಗಳು ಗೂಡಿಗೆ ಮರಳಿದ ಸಂಜೆಯಲ್ಲಿ ಹೊಡೆಯುವುದು. ಕಾಲುವೆಯ ದಂಡೆಯಲ್ಲಿ ಹೊಂಗೆ, ಬೇವು, ಹುಣಸೆಗಳನ್ನು ಬೆಳೆಸುವುದು. ಒಡ್ಡಿನ ಪೊದೆಯನ್ನು ಕಸವೆಂದು ಕಡಿಯದಿರುವುದು. ಸೂರ್ಯಕಾಂತಿ ಅರಳಿದ ಕೆಲವು ದಿನಗಳಿಗೆ ಜೇನುಪೆಟ್ಟಿಗೆಗಳನ್ನು ಹೊರಗಿನಿಂದ ತಂದಿಡಬಹುದು. ಆದರೆ ತೊಗರಿಗೆ ಬರುವ ಎಲೆಕತ್ತರಿಸುವ ಒಂಟಿಜೇನನ್ನೂ ಮರ ಕೊರೆಯುವ ದುಂಬಿಯನ್ನೂ ಯಾರೂ ಪೆಟ್ಟಿಗೆಯಲ್ಲಿ ತಂದುಕೊಡುವುದಿಲ್ಲ. ಅವಕ್ಕೆ ಬೇಕಾದ ನೆಲೆಯನ್ನು ನಮ್ಮ ಒಡ್ಡುಗಳಲ್ಲಿ ನಾವೇ ಉಳಿಸಬೇಕು.